ಗಂಡನ ಜೇಬಿನಲ್ಲಿ ಬಂದ ಮಾತ್ರೆ

(ಮಹಿಳಾ ಸಂಘದ ಸಭೆಯಲ್ಲಿ ಆರೋಗ್ಯ ಸಹಾಯಕಿಯೊಬ್ಬರು ಆಡಿದ ಮಾತು)



ಇವತ್ತು ಸ್ವಲ್ಪ ನಾಚಿಕೆಯ ವಿಷಯ. ನಾಚಿಕೊಂಡರೆ ನಡೆಯೋದಿಲ್ಲ. ಕೇಳಿ.

ಒಂದು ದಿನ ಒಬ್ಬ ಹೆಣ್ಣುಮಗಳು ನನ್ನ ಹತ್ತಿರ ಬಂದಳು. ಸೆರಗಿನ ಗಂಟು ಬಿಚ್ಚಿದಳು. ಒಳಗೆ ಮಾತ್ರೆ ಇದ್ದವು.

"ನರ್ಸಮ್ಮ, ನಮ್ಮ ಮನೆಯವರು ತಂದವ್ರೆ. ಶಕ್ತಿಗೆ ಅಂತ ಹೇಳ್ತಾರೆ. ನುಂಗಲಾ?" ಅಂದಳು.

ನೋಡಿದೆ. ಅದು ಶಕ್ತಿಯ ಮಾತ್ರೆ ಅಲ್ಲ. ಡಾಕ್ಸಿಸೈಕ್ಲಿನ್. ಅವಳಿಗೆ ಆಗ ಐದು ತಿಂಗಳು.

ಆಮೇಲೆ ವಿಷಯ ತಿಳಿಯಿತು. ಗಂಡನಿಗೆ ಮೂತ್ರ ಹೋಗುವಾಗ ಉರಿ, ಕೀವು. ಡಾಕ್ಟರ ಹತ್ತಿರ ಹೋಗಿದ್ದ. ಅವರು "ಇದು ನಿನಗೆ, ಇದು ನಿನ್ನ ಹೆಂಡತಿಗೆ" ಅಂತ ಎರಡು ಪಾಲು ಬರೆದುಕೊಟ್ಟರು. ಹೆಂಡತಿ ಬಸುರಿಯೇ ಎಂದು ಕೇಳಲಿಲ್ಲ. ಅವಳ ಮುಖ ಕೂಡ ನೋಡಲಿಲ್ಲ.

ಹಾಗೆ ಯಾಕೆ ಕೊಡ್ತಾರೆ? ಅದಕ್ಕೂ ಕಾರಣ ಇದೆ. ಇದು ಗಂಡ ಹೆಂಡಿರು ಕೂಡುವುದರಿಂದ ಅಂಟುವ ರೋಗ. ಒಬ್ಬರೇ ಔಷಧಿ ತಗೊಂಡರೆ ಇನ್ನೊಬ್ಬರಿಂದ ಮತ್ತೆ ಅಂಟುತ್ತೆ. ಹೆಂಡತಿ ಆಸ್ಪತ್ರೆಗೆ ಬರ್ತಾಳೋ ಇಲ್ಲವೋ, ಮಾತ್ರೆಯಾದರೂ ಹೋಗಲಿ ಅಂತ ಕೊಡ್ತಾರೆ. ಇಬ್ಬರಿಗೂ ಔಷಧಿ ಬೇಕು, ನಿಜ. ಆದರೆ ನೋಡದೆ ಕೊಟ್ಟರೆ ಅಪಾಯ ಇದೆ.

ಡಾಕ್ಸಿಸೈಕ್ಲಿನ್ ಸಾಮಾನ್ಯವಾಗಿ ಬಸುರಿಯರಿಗೆ ಕೊಡೋದಿಲ್ಲ. ಆ ಜಾತಿಯ ಔಷಧಿಯಿಂದ ಕೂಸಿನ ಹಲ್ಲಿನ ಬಣ್ಣ ಕೆಡಬಹುದು. ಬಸುರಿಯರಿಗೆ ಬೇರೆ ಮಾತ್ರೆ ಇವೆ. ಇನ್ನು ಕೆಲವರಿಗೆ ಪೆನ್ಸಿಲಿನ್ ಆಗೋದಿಲ್ಲ. ಮೈಯೆಲ್ಲ ದದ್ದು ಏಳುತ್ತೆ. ತುಟಿ ಊದುತ್ತೆ. ಉಸಿರು ಕಟ್ಟುತ್ತೆ. ಜೀವಕ್ಕೇ ಬರಬಹುದು.

ಹೆಂಗಸರಲ್ಲಿ ಈ ರೋಗ ಬಹಳ ಸಲ ಹೊರಗೆ ಕಾಣೋದೇ ಇಲ್ಲ. ಒಳಗೊಳಗೇ ಗರ್ಭಕೋಶಕ್ಕೆ, ಗರ್ಭನಾಳಕ್ಕೆ ಏರುತ್ತೆ. ಕಿಬ್ಬೊಟ್ಟೆ ನೋವು ಬರಬಹುದು. ಆಗ ಒಂದು ದಿನದ ಮಾತ್ರೆ ಸಾಲದು. 14 ದಿನ ಔಷಧಿ ಬೇಕು. ಪರೀಕ್ಷೆ ಮಾಡದೆ ಇದು ಯಾರಿಗೆ ಗೊತ್ತಾಗುತ್ತೆ? ಹಾಗೇ ಬಿಟ್ಟರೆ ನಾಳ ಮುಚ್ಚಿ ಮಕ್ಕಳಾಗದೆ ಹೋಗಬಹುದು. ಆಗ ಬಂಜೆ ಅನ್ನೋ ಮಾತು ಯಾರ ತಲೆಗೆ ಬರುತ್ತೆ, ನಿಮಗೇ ಗೊತ್ತು.

ಅಂಥ ಮಾತ್ರೆ ಬಂದರೆ ಬಿಸಾಡಬೇಡಿ. ಕೈಲಿ ಹಿಡಿದುಕೊಂಡು ಆಸ್ಪತ್ರೆಗೆ ಬನ್ನಿ. ಜಿಲ್ಲಾ ಆಸ್ಪತ್ರೆಯಲ್ಲಿ ಸುರಕ್ಷಾ ಕ್ಲಿನಿಕ್ ಇದೆ. ದುಡ್ಡು ಕೊಡಬೇಕಿಲ್ಲ. ಬಸುರಿ ಇದ್ದರೆ, ಕೂಸಿಗೆ ಹಾಲು ಕೊಡುತ್ತಿದ್ದರೆ, ಹಿಂದೆ ಯಾವುದಾದರೂ ಔಷಧಿ ಆಗದೆ ಹೋಗಿದ್ದರೆ ಮೊದಲೇ ಹೇಳಿ. ಇಬ್ಬರ ಔಷಧಿಯೂ ಮುಗಿದು ಒಂದು ವಾರ ಆಗೋ ತನಕ ಕೂಡಬಾರದು.

ಆ ಹೆಣ್ಣುಮಗಳನ್ನು ನಾನೇ ಕರಕೊಂಡು ಹೋದೆ. ಲೇಡಿ ಡಾಕ್ಟರು ಪರೀಕ್ಷೆ ಮಾಡಿದರು. ರಕ್ತ ತೆಗೆದರು. ಮಾತ್ರೆ ಬದಲಾಯಿಸಿದರು. ಬಸ್ಸಿನಲ್ಲಿ ವಾಪಸ್ ಬರುವಾಗ ಅವಳು ಕೇಳಿದ್ದು ಒಂದೇ ಮಾತು.

"ಶಕ್ತಿಗೆ ಅಂತ ನನಗೆ ಯಾಕೆ ಸುಳ್ಳು ಹೇಳಿದರು?"

"ಅದನ್ನ ಮನೇಲೇ ಕೇಳವ್ವ" ಅಂದೆ.