ಮನೆಯಂಗಳದಲ್ಲಿ ಬ್ರಹ್ಮಕಮಲ

ರಾಗಿ, ಜೋಳ, ಭತ್ತದ ಮಾತು ಬಿಟ್ಟು ಈ ಹೊತ್ತು ಹೂವಿನ ಗಿಡದ ಮಾತು ಯಾಕೆ ಎಂದು ಕೆಲವರು ಕೇಳಬಹುದು. ಹೊಲದ ಬೆಳೆ ಯಜಮಾನರ ಲೆಕ್ಕ. ಹಿತ್ತಲ ಗಿಡ ಮನೆಯ ಹೆಣ್ಣುಮಕ್ಕಳ ಲೆಕ್ಕ. ಈ ಎರಡನೇ ಲೆಕ್ಕವೂ ಸಂಸಾರಕ್ಕೆ ಸೇರಿದ್ದೇ ತಾನೆ? ಬ್ರಹ್ಮಕಮಲದ ಕುಂಡ ಈಗ ಊರೂರಲ್ಲೂ ಜಗುಲಿಯ ಪಕ್ಕ ಕಾಣುತ್ತದೆ. ಆದರೆ ಎಷ್ಟೋ ಮನೆಗಳಲ್ಲಿ ಅದು ಬುಡ ಕೊಳೆತು ಹೋಗುತ್ತದೆ. ಇಲ್ಲವೆ ವರ್ಷಗಟ್ಟಲೆ ಹೂ ಬಿಡದೆ ಸುಮ್ಮನೆ ನಿಂತಿರುತ್ತದೆ. ಆಗ ಮಾತು ಬೇರೆ ಕಡೆ ಹೊರಳುತ್ತದೆ. “ಮಡಿ ಕೆಟ್ಟಿತು” ಅಂತಾರೆ ಒಬ್ಬರು. “ಸೊಸೆಯ ಕೈಗುಣ ಸರಿಯಿಲ್ಲ” ಅಂತಾರೆ ಇನ್ನೊಬ್ಬರು. ಪಾಪ, ದಿನಾ ತಪ್ಪದೆ ನೀರು ಹೊಯ್ದವಳೇ ಆ ಸೊಸೆ! ಗಿಡ ಸತ್ತದ್ದು ಆ ನೀರಿನಿಂದಲೇ ಎಂದು ಅವಳಿಗೆ ಹೇಳಿದವರು ಯಾರೂ ಇಲ್ಲ.

ಮೊದಲು ಹೆಸರಿನ ಗೊಂದಲ ಬಿಡಿಸೋಣ. ಹಿಮಾಲಯದಲ್ಲಿ ಬ್ರಹ್ಮಕಮಲ ಎಂಬ ಬೇರೆಯೇ ಒಂದು ಗಿಡವಿದೆ. ಅದು ಸೇವಂತಿಗೆ, ಸೂರ್ಯಕಾಂತಿಗಳ ಬಳಗಕ್ಕೆ ಸೇರಿದ್ದು. ಹಿಮ ಬೀಳುವ ಎತ್ತರದ ಬೆಟ್ಟಗಳಲ್ಲಿ ಬೆಳೆಯುತ್ತದೆ. ಉತ್ತರಾಖಂಡದ ರಾಜ್ಯಪುಷ್ಪವೂ ಅದೇ. ಅದು ನಮ್ಮ ಸೆಕೆಯಲ್ಲಿ ಬದುಕುವ ಗಿಡವಲ್ಲ. ನಮ್ಮ ಕುಂಡಗಳಲ್ಲಿ ರಾತ್ರಿ ಅರಳುವುದು ಮೆಕ್ಸಿಕೋ ದೇಶದ ದಕ್ಷಿಣ ಭಾಗದಿಂದಲೂ ಅದರಾಚೆಯ ಮಧ್ಯ ಅಮೆರಿಕದ ಕಾಡುಗಳಿಂದಲೂ ಬಂದದ್ದು. ಮಲೆಯಾಳದವರು ಇದನ್ನು ನಿಶಾಗಂಧಿ ಎನ್ನುತ್ತಾರೆ. ಆ ಹೆಸರೇ ಇದಕ್ಕೆ ಹೆಚ್ಚು ಒಪ್ಪುತ್ತದೆ ಎಂದು ನನಗೆ ತೋರುತ್ತದೆ. ಆದರೂ ಬಾಯಿಗೆ ಬಂದ ಹೆಸರನ್ನು ಬಿಡಿಸುವುದು ಕಷ್ಟ. ಬ್ರಹ್ಮಕಮಲ ಅಂತಲೇ ಕರೆಯೋಣ. ಹಿಮಾಲಯದಿಂದ ತಂದದ್ದು ಎಂದು ಹೇಳಿ ಜಾತ್ರೆಯಲ್ಲಿ ಯಾರಾದರೂ ದುಬಾರಿ ಬೆಲೆ ಕೇಳಿದರೆ ಮಾತ್ರ ನಕ್ಕು ಮುಂದೆ ಹೋಗಿ. ಪಕ್ಕದ ಮನೆಯವರಲ್ಲಿ ಒಂದು ಎಲೆ ಬೇಡಿದರೆ ಅದೇ ಗಿಡ ನಿಮ್ಮದಾಗುತ್ತದೆ.

ಎಲೆ ಎಂದೆ. ನಿಜವಾಗಿ ಅದು ಎಲೆಯಲ್ಲ, ಚಪ್ಪಟೆಯಾದ ಕಾಂಡ. ಬೇಲಿಯ ಪಾಪಾಸುಕಳ್ಳಿಯ ಹಾಳೆ ಹೇಗೋ ಇದೂ ಹಾಗೇ. ಎರಡೂ ಒಂದೇ ಬಳಗ. ಇದಕ್ಕೆ ಆ ಮುಳ್ಳಿಲ್ಲ, ಅಷ್ಟೆ. ಆದರೆ ಕಳ್ಳಿ ಎಂದಕೂಡಲೇ ಸುಡುವ ಬಿಸಿಲಿನ ಬರಡು ನೆಲ ನೆನಪಾಗುತ್ತದಲ್ಲ, ಇದು ಅಲ್ಲಿಯದಲ್ಲ. ಕಾಡಿನ ಮರಗಳ ಕವಲಿನಲ್ಲಿ, ಎಲೆಗಳ ನೆರಳಿನಲ್ಲಿ ಕೂತು ಬೆಳೆಯುವ ಕಳ್ಳಿ ಇದು. ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸೀತಾಳೆದಂಡೆ ಮರದ ತೊಗಟೆ ಹಿಡಿದು, ಮಳೆಯ ನೀರು, ಇಬ್ಬನಿ, ಕೊಳೆತ ತರಗು ಇಷ್ಟರಲ್ಲೇ ಬದುಕುವುದನ್ನು ನೀವು ನೋಡಿದ್ದೀರಿ. ಬ್ರಹ್ಮಕಮಲವೂ ತನ್ನ ತವರಿನಲ್ಲಿ ಹಾಗೆಯೇ. ಮಾವಿನ ಮರದ ಬದನಿಕೆಯ ಹಾಗೆ ಮರದ ರಸ ಹೀರುವುದಿಲ್ಲ. ಕೂರಲು ಜಾಗ ಮಾತ್ರ ಕೇಳುತ್ತದೆ. ಮಳೆ ಬಂದಾಗ ಬೇರು ತೋಯುತ್ತದೆ. ಮಳೆ ನಿಂತು ಗಾಳಿಯಾಡಿದರೆ ಬೇಗ ಒಣಗುತ್ತದೆ. ಈ ಒಂದು ಸಂಗತಿ ತಲೆಯಲ್ಲಿದ್ದರೆ ಉಳಿದ ಆರೈಕೆಯೆಲ್ಲ ತಾನಾಗಿ ಹೊಳೆಯುತ್ತದೆ.

ನೀರು ಕಡಿಮೆಯಾದರೂ ಇದು ತಡೆದುಕೊಳ್ಳುವುದು ಹೇಗೆ? ಸಾಧಾರಣ ಗಿಡಗಳು ಎಲೆಯ ಮೇಲಿನ ಸಣ್ಣ ಬಾಯಿಗಳನ್ನು ಹಗಲು ಹೊತ್ತು ತೆರೆದು ಗಾಳಿ ಎಳೆದುಕೊಳ್ಳುತ್ತವೆ. ಬಿಸಿಲಿನಲ್ಲಿ ಅದೇ ಬಾಯಿಯಿಂದ ನೀರು ಆವಿಯಾಗಿ ಹೋಗುತ್ತದೆ. ಕಳ್ಳಿಯ ಬಳಗದ್ದು ಬೇರೆ ರೀತಿ. ಅವು ರಾತ್ರಿಯ ತಂಪಿನಲ್ಲಿ ಬಾಯಿ ತೆರೆದು, ಒಳಗೆಳೆದ ಇಂಗಾಲದ ಗಾಳಿಯನ್ನು ಹುಳಿಯ ರೂಪದಲ್ಲಿ ಕೂಡಿಟ್ಟುಕೊಳ್ಳುತ್ತವೆ. ಹಗಲು ಬಾಯಿ ಮುಚ್ಚಿಕೊಂಡು, ಬಿಸಿಲಿನ ಬಲದಿಂದ ಆ ಹುಳಿಯನ್ನು ಕರಗಿಸಿ ಆಹಾರ ಮಾಡಿಕೊಳ್ಳುತ್ತವೆ. ಇದರ ಮೊದಲ ಸುಳಿವು ಕೊಟ್ಟವರಲ್ಲಿ ಒಬ್ಬ ನಮ್ಮ ಬೆಂಗಳೂರಿನ ಲಾಲ್‌ಬಾಗಿನ ಉಸ್ತುವಾರಿ ನೋಡಿಕೊಂಡಿದ್ದವನೇ. ೧೭೯೯ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಆ ತೋಟ ಬೆಂಜಮಿನ್ ಹೈನೆ ಎಂಬ ಸಸ್ಯಶಾಸ್ತ್ರಜ್ಞನ ಕೈಗೆ ಬಂತು. ಎಲೆ ಕಿತ್ತು ಹಾಕಿದರೆ ಅದರ ಅಂಚಿನಲ್ಲೇ ಮರಿಗಿಡ ಹುಟ್ಟುವ ಕಾಡುಬಸಳೆ ಗೊತ್ತಲ್ಲ? ಅದರ ಎಲೆ ಬೆಳಗ್ಗೆ ಹುಳಿ, ಮಧ್ಯಾಹ್ನಕ್ಕೆ ಸಪ್ಪೆ, ಸಂಜೆಗೆ ಕೊಂಚ ಕಹಿ ಎಂಬುದನ್ನು ಆತ ನಾಲಿಗೆಯಿಂದಲೇ ಕಂಡುಕೊಂಡ. ಆತನ ಬರಹ ೧೮೧೫ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ನೀವು ತಿಂದು ನೋಡಬೇಕಾಗಿಲ್ಲ. ಆತ ನೋಡಿದ್ದಾನೆ, ಸಾಕು.

ಇನ್ನು ನೆಡುವ ಕೆಲಸ. ಬಲಿತ, ಗಟ್ಟಿಯಾದ ಹಿಂದಿನ ವರ್ಷದ ಎಲೆಯನ್ನು ಆರಿಸಿ, ಒಂದು ಗೇಣು ಉದ್ದದ ತುಂಡನ್ನು ಹರಿತವಾದ ಚಾಕುವಿನಿಂದ ಕತ್ತರಿಸಿ. ಬುಡದ ತುದಿ ಯಾವುದು, ಮೇಲಿನ ತುದಿ ಯಾವುದು ಎಂದು ಆಮೇಲೆ ಗೊತ್ತಾಗದೆ ಹೋಗಬಹುದು. ಆದ್ದರಿಂದ ಬುಡದ ಬದಿಗೆ ಒಂದು ಬೊಟ್ಟು ಸುಣ್ಣ ಇಟ್ಟುಬಿಡಿ. ತುಂಡನ್ನು ಕೂಡಲೇ ಮಣ್ಣಿಗೆ ಚುಚ್ಚುವ ಆತುರ ಬೇಡ. ನೆರಳಿನಲ್ಲಿ ಐದಾರು ದಿನ, ಒಂದು ವಾರವಾದರೂ ಚಿಂತೆಯಿಲ್ಲ, ಹಾಗೇ ಇಡಿ. ಕತ್ತರಿಸಿದ ಗಾಯ ಒಣಗಿ ಹಕ್ಕಳೆ ಕಟ್ಟಬೇಕು. ಹಸಿ ಗಾಯವನ್ನು ಒದ್ದೆ ಮಣ್ಣಿಗೆ ಇಟ್ಟರೆ ಬೇರಿಗಿಂತ ಮೊದಲು ಕೊಳೆ ಬರುತ್ತದೆ. ಆಮೇಲೆ ಎರಡು ಬೆರಳಿನ ಆಳಕ್ಕೆ ನೆಟ್ಟು, ಬೀಳದಂತೆ ಒಂದು ಕಡ್ಡಿಗೆ ಕಟ್ಟಿ. ಮಣ್ಣು ತುಸು ಪಸೆಯಾಗಿದ್ದರೆ ಸಾಕು. ಸುಮಾರು ಒಂದು ತಿಂಗಳಿಗೆ ಬೇರು ಹಿಡಿಯುತ್ತದೆ. ನೆಟ್ಟ ವರ್ಷವೇ ಹೂ ಬರಲಿಲ್ಲವೆಂದು ಬೇಜಾರು ಮಾಡಿಕೊಳ್ಳಬೇಡಿ. ಎರಡು ಮೂರು ವರ್ಷ ಕಾಯಬೇಕು.

ಕುಂಡದ ಮಣ್ಣಿನ ವಿಚಾರ ಸ್ವಲ್ಪ ಗಮನವಿಟ್ಟು ಕೇಳಿ. ಬುಡದಲ್ಲಿ ತೂತಿಲ್ಲದ ಡಬ್ಬಿ, ಬಕೆಟ್ಟು ಇದಕ್ಕೆ ಆಗದು. ತೂತಿನ ಮೇಲೆ ಒಡೆದ ಹೆಂಚಿನ ಚೂರು ಬೋರಲು ಹಾಕಿ. ಮೇಲೆ ಒಂದು ಪಾಲು ಕೆಮ್ಮಣ್ಣು, ಒಂದು ಪಾಲು ದಪ್ಪ ಮರಳು, ಒಂದು ಪಾಲು ಚೆನ್ನಾಗಿ ಕಳಿತ ತರಗಿನ ಗೊಬ್ಬರ ಬೆರೆಸಿ ತುಂಬಿ. ಇದ್ದಿಲ ಚೂರು, ತೆಂಗಿನ ಸಿಪ್ಪೆಯ ತುಂಡು ಒಂದೆರಡು ಹಿಡಿ ಸೇರಿಸಿದರೆ ಇನ್ನೂ ಒಳ್ಳೆಯದು. ನೀರು ಹೊಯ್ದರೆ ಕೂಡಲೇ ಕೆಳಗಿನಿಂದ ಸೋರಿ ಹೋಗಬೇಕು, ಅದೇ ಪರೀಕ್ಷೆ. ಎರೆಭೂಮಿಯ ಕಡೆಯವರು ಹೊಲದ ಮಣ್ಣನ್ನೇ ತಂದು ತುಂಬುವುದುಂಟು. ಜೋಳಕ್ಕೆ, ಹತ್ತಿಗೆ ಆ ಮಣ್ಣು ಬಂಗಾರ. ಈ ಗಿಡಕ್ಕೆ ಮಾತ್ರ ಅದು ಉಸಿರು ಕಟ್ಟಿಸುತ್ತದೆ. ನೆಂದರೆ ಅಂಟು, ಒಣಗಿದರೆ ಬಿರುಕು. ಮರದ ಮೇಲಿನ ಬೇರು ಅದನ್ನು ತಾಳದು. ಕುಂಡವೂ ತೀರ ದೊಡ್ಡದು ಬೇಡ. ಬೇರು ಕೊಂಚ ಇಕ್ಕಟ್ಟಿನಲ್ಲಿದ್ದರೆ ಹೂವಿಗೆ ಒಳ್ಳೆಯದೇ.

ನೀರು ಯಾವಾಗ ಎಂದು ವಾರದ ಲೆಕ್ಕ ಕೇಳಬೇಡಿ. ತೋರುಬೆರಳನ್ನು ಎರಡು ಗೆಣ್ಣಿನವರೆಗೆ ಮಣ್ಣಿಗೆ ಇಳಿಸಿ. ಒಣಗಿದ್ದರೆ ನೀರು, ತಣ್ಣಗೆ ಪಸೆ ತಗುಲಿದರೆ ಬೇಡ. ಬೇಸಿಗೆಯಲ್ಲಿ ವಾರಕ್ಕೆ ಎರಡು ಸಲವಾದೀತು, ಮಾಗಿಯ ಚಳಿಯಲ್ಲಿ ಹತ್ತು ಹದಿನೈದು ದಿನಕ್ಕೊಮ್ಮೆ. ಮಲೆನಾಡು, ಕರಾವಳಿಯವರು ಆಷಾಢದ ಮಳೆಗೆ ಕುಂಡವನ್ನು ಸೂರಿನ ಒಳಕ್ಕೆ ಸರಿಸಿಬಿಡಬೇಕು. ಸೂರಿನ ನೀರು ನೇರವಾಗಿ ಬೀಳುವ ಜಾಗವಂತೂ ಆಗಲೇಬಾರದು.

ಇಲ್ಲೊಂದು ಮೋಸವಿದೆ. ನೀರು ಸಾಲದೆ ಬಂದರೆ ಎಲೆ ತೆಳ್ಳಗಾಗಿ ಸುಕ್ಕುಗಟ್ಟುತ್ತದೆ. ನೀರು ಹೆಚ್ಚಾಗಿ ಬೇರು ಕೊಳೆತರೂ ಎಲೆ ಸುಕ್ಕುಗಟ್ಟುತ್ತದೆ, ಯಾಕೆಂದರೆ ನೀರು ಹೀರಲು ಬೇರೇ ಇಲ್ಲ! ನೋಡಿದವರು ಬಾಯಾರಿದೆ ಎಂದುಕೊಂಡು ಇನ್ನೂ ಒಂದು ತಂಬಿಗೆ ಹೊಯ್ಯುತ್ತಾರೆ. ಗಿಡದ ಕಥೆ ಅಲ್ಲಿಗೆ ಮುಗಿಯಿತು. ಆದ್ದರಿಂದ ಎಲೆ ಸುಕ್ಕಾದಾಗ ಮೊದಲು ಮಣ್ಣು ಮುಟ್ಟಿ ನೋಡಿ. ಮಣ್ಣು ಒಣಗಿದ್ದರೆ ನೀರು ಕೊಡಿ. ಎರಡು ಮೂರು ದಿನದಲ್ಲಿ ಎಲೆ ತುಂಬಿಕೊಳ್ಳುತ್ತದೆ. ಮಣ್ಣು ಒದ್ದೆಯಿದ್ದು, ಬುಡ ಹಳದಿಯಾಗಿ ಮೆತ್ತಗಾಗಿದ್ದರೆ ಗಿಡವನ್ನು ಕಿತ್ತುಬಿಡಿ. ಕೊಳೆತದ್ದನ್ನೆಲ್ಲ ಕತ್ತರಿಸಿ ಎಸೆದು, ಮೇಲಿನ ಹಸಿರು ಭಾಗವನ್ನು ಆಗಲೇ ಹೇಳಿದಂತೆ ಒಣಗಿಸಿ ಹೊಸ ಮಣ್ಣಿನಲ್ಲಿ ನೆಡಿ. ಒಂದೇ ಒಂದು ಗೇಣು ಹಸಿರು ಉಳಿದಿದ್ದರೂ ಗಿಡ ಉಳಿದಂತೆಯೇ.

ಬೆಳಕಿನ ಮಾತು. ನಡುಮನೆಯ ಕತ್ತಲೆಯಲ್ಲಿಟ್ಟರೆ ಹಸಿರಾಗಿ ಉದ್ದಕ್ಕೆ ಬೆಳೆಯುತ್ತದೆ, ಹೂ ಬಿಡುವುದಿಲ್ಲ. ಫಾಲ್ಗುಣ, ಚೈತ್ರದ ನಡುಹಗಲ ಬಿಸಿಲಿಗಿಟ್ಟರೆ ಎಲೆ ಕೆಂಪಡರಿ ಸುಡುತ್ತದೆ. ಮೂಡಲ ಜಗುಲಿ, ಇಲ್ಲವೆ ನುಗ್ಗೆಮರದಂಥ ತೆಳುನೆರಳು ಒಪ್ಪುತ್ತದೆ. ಗೊಬ್ಬರಕ್ಕೆ ಹಳೆಯ ಕೊಟ್ಟಿಗೆ ಗೊಬ್ಬರ ವರ್ಷಕ್ಕೆ ಎರಡು ಸಲ ಒಂದೊಂದು ಹಿಡಿ ಸಾಕು. ಹೊಲಕ್ಕೆ ತಂದ ಯೂರಿಯ ಮಿಕ್ಕಿದೆ ಎಂದು ಇದಕ್ಕೂ ಒಂದು ಹಿಡಿ ಎರಚುವ ಚಾಳಿ ಕೆಲವರಿಗಿದೆ. ಎಲೆ ಸೊಂಪಾಗಿ ಬರುತ್ತದೆ, ಮೊಗ್ಗು ಬರುವುದಿಲ್ಲ. ಎಲೆಯ ಸಂದಿನಲ್ಲಿ ಬಿಳಿ ಹಿಟ್ಟುತಿಗಣೆ ಕಂಡರೆ ಸೋಪಿನ ನೀರಿನಲ್ಲಿ ಬಟ್ಟೆ ಅದ್ದಿ ಒರೆಸಿ. ಹೆಚ್ಚಾದರೆ ಒಂದು ಲೀಟರು ನೀರಿಗೆ ಒಂದು ಚಮಚ ಬೇವಿನೆಣ್ಣೆ, ಚೂರು ಸೋಪು ಕದಡಿ ಸಂಜೆ ಹೊತ್ತು ಸಿಂಪಡಿಸಿ. ಮಳೆಗಾಲದ ಬಸವನಹುಳುವನ್ನು ರಾತ್ರಿ ದೀಪ ಹಿಡಿದು ಆರಿಸಿ ತೆಗೆಯುವುದೇ ಸರಿ.

ಗಂಡಸರಿಗೂ ಒಂದು ಮಾತು ಇಲ್ಲಿ ಸೇರಿಸಬೇಕು. ಈಗ ಬಯಲುಸೀಮೆಯ ಹಲವು ಕಡೆ ಕಂಬಕ್ಕೆ ಹಬ್ಬಿಸಿ ಬೆಳೆಯುವ ಡ್ರ್ಯಾಗನ್ ಹಣ್ಣು ಇದೇ ಬಳಗದ್ದು. ಅದೂ ಅಮೆರಿಕದ ಕಳ್ಳಿ, ಅದೂ ರಾತ್ರಿಯೇ ಅರಳುತ್ತದೆ, ಹೂವೂ ಬ್ರಹ್ಮಕಮಲದ ಅಕ್ಕನ ಹಾಗಿದೆ. ೨೦೨೧ರಲ್ಲಿ ಗುಜರಾತ್ ಸರ್ಕಾರ ಅದಕ್ಕೆ ‘ಕಮಲಂ’ ಎಂದು ಹೆಸರಿಟ್ಟಿತು. ನಮ್ಮಲ್ಲಿ ತುಮಕೂರು ಬಳಿಯ ಹಿರೇಹಳ್ಳಿಯಲ್ಲಿರುವ ತೋಟಗಾರಿಕಾ ಸಂಶೋಧನಾ ಕೇಂದ್ರಕ್ಕೆ ಅದರ ವಿಶೇಷ ಕೇಂದ್ರವೊಂದನ್ನು ೨೦೨೩ರಲ್ಲಿ ಕೇಂದ್ರ ಸರ್ಕಾರ ಮಂಜೂರು ಮಾಡಿತು. ಕುಂಡದ ಗಿಡ ಕಲಿಸುವ ಪಾಠ ಆ ಬೆಳೆಗೂ ಸಲ್ಲುತ್ತದೆ: ತುಂಡಿನಿಂದ ಗಿಡ, ಬುಡದಲ್ಲಿ ನೀರು ನಿಂತರೆ ಕೊಳೆ. ಆದರೆ ಜಗುಲಿಯಲ್ಲಿ ಬ್ರಹ್ಮಕಮಲ ಬಂತೆಂದು ಎಕರೆಗಟ್ಟಲೆ ಕಂಬ ನೆಡಲು ಸಾಲಕ್ಕೆ ಹೋಗಬೇಡಿ. ಕಂಬ, ಸಸಿಗಳ ಖರ್ಚು ಮೊದಲೇ ಬೀಳುತ್ತದೆ, ಹಣ್ಣು ಆಮೇಲೆ. ಕೆಲವು ತಳಿಗಳಿಗೆ ಬೇರೆ ತಳಿಯ ಪರಾಗವನ್ನು ಕೈಯಿಂದಲೇ ಮುಟ್ಟಿಸಬೇಕಾಗುತ್ತದೆ. ಬೆಳೆದವರ ತೋಟವನ್ನು ಹೂವಿನ ಕಾಲದಲ್ಲಿ ಒಂದು ರಾತ್ರಿ ಹೋಗಿ ನೋಡಿ ಬನ್ನಿ. ಬೇಕಿದ್ದರೆ ನಾಲ್ಕು ಕಂಬದಿಂದ ಶುರು ಮಾಡಿ.

ಈಗ ಹೂವಿಗೆ ಬರೋಣ. ಮುಂಗಾರು ಮಳೆ ಹಿಡಿದ ಮೇಲೆ ಎಲೆಯ ಅಂಚಿನ ಕಚ್ಚಿನಲ್ಲಿ ಕೆಂಪು ಛಾಯೆಯ ಸಣ್ಣ ಗುಬುಟು ಏಳುತ್ತದೆ. ಚಪ್ಪಟೆಯಾದರೆ ಹೊಸ ಎಲೆ, ಗುಂಡಗಾದರೆ ಮೊಗ್ಗು. ಮೊಗ್ಗು ಕಂಡ ಮೇಲೆ ಕುಂಡವನ್ನು ಜಾಗ ಬದಲಿಸಬೇಡಿ, ತಿರುಗಿಸಲೂಬೇಡಿ, ಉದುರಿಬಿಡುತ್ತದೆ. ಆಗ ಮಾತ್ರ ಮಣ್ಣು ತೀರ ಒಣಗಲು ಬಿಡಬಾರದು. ಮೂರು ನಾಲ್ಕು ವಾರದಲ್ಲಿ ಮೊಗ್ಗು ಬೆಳೆದು ಕೆಳಗೆ ಜೋತು ಬೀಳುತ್ತದೆ. ಆಮೇಲೆ ಅದರ ಕೊರಳು ಹಂಸದ ಹಾಗೆ ಮೇಲಕ್ಕೆ ಬಾಗುತ್ತದೆ. ಬಾಗಿ, ಮೊಗ್ಗು ಉಬ್ಬಿ, ಸಂಜೆ ಹೊತ್ತಿಗೆ ತುದಿ ಸಡಿಲವಾಯಿತೆಂದರೆ ಅರಳುವುದು ಆ ರಾತ್ರಿಯೇ. ಕತ್ತಲಾದ ಮೇಲೆ ಶುರುವಾಗಿ ಹತ್ತು ಹನ್ನೊಂದು ಗಂಟೆಗೆ ತುಂಬ ಬಿಚ್ಚಿಕೊಳ್ಳುತ್ತದೆ. ಬಿಳಿಯ ಬಣ್ಣ, ಆ ಪರಿಮಳ ಎಲ್ಲ ಇರುವುದು ಅದರ ತವರಿನಲ್ಲಿ ರಾತ್ರಿ ಹಾರುವ ದೊಡ್ಡ ಪತಂಗಗಳನ್ನು ಕರೆಯಲಿಕ್ಕೆ. ಬೆಳಗಾಗುವುದರೊಳಗೆ ಹೂ ಬಾಡಿ ಜೋತುಬೀಳುತ್ತದೆ. ದೇವರಿಗೆ ಏರಿಸುವವರು ರಾತ್ರಿಯೇ ಕೊಯ್ಯಬೇಕು, ಬೆಳಗಿನ ಪೂಜೆಗೆ ಅದು ಸಿಗದು. ಕೆಲವರು ಕೊಯ್ಯದೆ ಕುಂಡದ ಮುಂದೆಯೇ ದೀಪವಿಟ್ಟು ನೆರೆಮನೆಯವರನ್ನು ಕರೆಯುತ್ತಾರೆ. ಅದು ನನಗೆ ಹೆಚ್ಚು ಇಷ್ಟ. ಬಂದವರಲ್ಲಿ ಯಾರಾದರೂ ಎಲೆ ಕೇಳಿದರೆ ಆ ರಾತ್ರಿ ಮಾತ್ರ ಕೊಡಬೇಡಿ. ಹೂಗಳೆಲ್ಲ ಮುಗಿದು ವಾರ ಕಳೆದ ಮೇಲೆ ಬರಹೇಳಿ. ಬುಡಕ್ಕೆ ಸುಣ್ಣದ ಬೊಟ್ಟಿಟ್ಟು ಕೊಟ್ಟು ಕಳುಹಿಸಿ.