ಗಾಜಿನ ಪೆಟ್ಟಿಗೆಯಿಂದ ಅಂಗಳಕ್ಕೆ

(ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಯೊಂದರ ರಕ್ಷಕ-ಶಿಕ್ಷಕ ಸಂಘದ ಸಭೆಯಲ್ಲಿ ಅಧ್ಯಾಪಕರೊಬ್ಬರು ಆಡಿದ ಮಾತು)



ಹಿಂದೊಮ್ಮೆ ನಮ್ಮ ಮಕ್ಕಳನ್ನು ಒಂದು ವಸ್ತುಸಂಗ್ರಹಾಲಯಕ್ಕೆ ಕರೆದುಕೊಂಡು ಹೋಗಿದ್ದೆವು. ಅಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಒಂದು ಚೆನ್ನೆಮಣೆ. ಮೇಲೆ 'ಮುಟ್ಟಬಾರದು' ಎಂಬ ಫಲಕ. ನಾಲ್ಕನೆಯ ತರಗತಿಯ ಹುಡುಗಿಯೊಬ್ಬಳು ಕೇಳಿದಳು: “ಮಾಸ್ಟ್ರೇ, ಇದು ನಮ್ಮ ಅಜ್ಜಿಯ ಮನೆಯಲ್ಲಿ ಉಂಟು. ಇಲ್ಲಿ ಯಾಕೆ ಇದಕ್ಕೆ ಬೀಗ?” ಆ ದಿನ ನನ್ನಲ್ಲಿ ಉತ್ತರ ಇರಲಿಲ್ಲ. ಇವತ್ತು ಆ ಪ್ರಶ್ನೆಯನ್ನು ನಿಮ್ಮ ಮುಂದಿಡುತ್ತೇನೆ.

ಮ್ಯೂಸಿಯಂ ಹಳೆಯ ಸಾಮಾನಿನ ಉಗ್ರಾಣ ಅಲ್ಲ. ಒಳಗೆ ಕಂಡದ್ದನ್ನು ಹೊರಗೆ ಗುರುತಿಸಲು ಕಲಿಸುವ ಜಾಗ ಅದು. ಮೈಸೂರಿನ ಪ್ರಾದೇಶಿಕ ನೈಸರ್ಗಿಕ ಇತಿಹಾಸ ವಸ್ತುಸಂಗ್ರಹಾಲಯ 1995ರಲ್ಲಿ ಆರಂಭವಾದದ್ದು ಕಾರಂಜಿ ಕೆರೆಯ ದಂಡೆಯಲ್ಲಿ. ಒಳಗೆ ಹಕ್ಕಿಗಳ ವಿಷಯ ತಿಳಿದ ಮಗು ಹೊರಗೆ ಬಂದರೆ ಕೆರೆಯಲ್ಲೇ ನೀರುಕಾಗೆ, ಬೆಳ್ಳಕ್ಕಿಗಳನ್ನು ಹುಡುಕಬಹುದು. ನಮಗೆ ಹತ್ತಿರದ್ದು ಮಂಗಳೂರಿನ ವಾಮಂಜೂರು ಬಳಿಯ ಪಿಲಿಕುಳ. ಅಲ್ಲಿ ವಿಜ್ಞಾನ ಕೇಂದ್ರ, ಗುತ್ತುಮನೆ, ಪಶ್ಚಿಮ ಘಟ್ಟದ ಮರಗಳು ಒಂದೇ ಆವರಣದಲ್ಲಿವೆ. ಆ ನಿಸರ್ಗಧಾಮಕ್ಕೆ ಶಿವರಾಮ ಕಾರಂತರ ಹೆಸರಿಟ್ಟಿದ್ದಾರೆ. 1936ರಲ್ಲಿ ಮಕ್ಕಳಿಗಾಗಿ 'ಬಾಲ ಪ್ರಪಂಚ' ಹೊರತಂದವರು, ಪುತ್ತೂರಿನ ಬಾಲವನದಲ್ಲಿ ಮಕ್ಕಳ ಶಿಕ್ಷಣದ ಪ್ರಯೋಗ ನಡೆಸಿದವರು ಅವರು.

ಆದರೆ ಒಂದು ದಿನ ಬಸ್ಸಿನಲ್ಲಿ ಹೋಗಿ, ಓಡಿ ಓಡಿ ನೋಡಿ, ಐಸ್‌ಕ್ರೀಂ ತಿಂದು ಬಂದರೆ ಕಲಿಕೆ ಆಗುವುದಿಲ್ಲ. ಹೋಗುವಾಗ ಮಗುವಿಗೆ ಒಂದೇ ಕೆಲಸ ಕೊಡಿ: ಒಂದು ಬೀಜವೋ, ಒಂದು ಹಕ್ಕಿಯೋ, ಒಂದು ಆಟಿಕೆಯೋ, ಅದನ್ನು ಸರಿಯಾಗಿ ನೋಡಿ ಚಿತ್ರ ಬರೆಯಲಿ. ಊರಿಗೆ ಬಂದ ಮೇಲೆ ಅದೇ ವಸ್ತುವನ್ನು ಹಿತ್ತಿಲಲ್ಲಿ, ಗುಡ್ಡೆಯಲ್ಲಿ ಹುಡುಕಲಿ.

ಚೆನ್ನೆಮಣೆಯನ್ನೇ ನೋಡಿ. ಹದಿನಾಲ್ಕು ಗುಳಿ, ಗುಳಿಗೆ ನಾಲ್ಕರಂತೆ 56 ಬೀಜ. ಆಡಬೇಕಾದರೆ ಮೊದಲು ಬೀಜ ಬೇಕು. ಮಂಜೊಟ್ಟಿ ಮರ ಎಲ್ಲಿದೆ, ಅದರ ಕಾಯಿ ಯಾವಾಗ ಒಡೆಯುತ್ತದೆ ಎಂದು ಮಗು ತಾನೇ ತಿಳಿದುಕೊಳ್ಳುತ್ತದೆ. ಲೆಕ್ಕ, ಮರ, ಋತು ಮೂರೂ ಒಂದೇ ಆಟದಲ್ಲಿ.

ಇನ್ನು ನಮ್ಮ ಸುರಂಗಗಳು. ಗುಡ್ಡೆಯ ಹೊಟ್ಟೆಗೆ ಅಡ್ಡಲಾಗಿ ಕೊರೆದ ಇವುಗಳಿಂದ ಪಂಪು ಇಲ್ಲದೆ ನೀರು ಹೇಗೆ ಬರುತ್ತದೆ? ಮಳೆನೀರು ಮುರಕಲ್ಲಿನಲ್ಲಿ ಇಂಗಿ, ಒಸರಿ, ಇಳಿಜಾರಿನಲ್ಲಿ ತಾನಾಗಿ ಹರಿದು ಬರುತ್ತದೆ. ದೊಡ್ಡವರು ಜೊತೆಗಿದ್ದು, ಬಾಯಿಯ ಹೊರಗೆ ನಿಂತೇ ತೋರಿಸಿ. ಮಕ್ಕಳನ್ನು ಒಳಗೆ ಬಿಡಬೇಡಿ. ಇಂಥ ಮ್ಯೂಸಿಯಂ ನಮ್ಮೂರಿನಲ್ಲೇ ಇರುವಾಗ ಟಿಕೆಟಿನ ಹಂಗೇಕೆ?

“ಆಟದಿಂದ ಮಾರ್ಕು ಬರುತ್ತದೆಯೇ?” ಎಂದು ನೀವು ಕೇಳುತ್ತೀರಿ. ನನ್ನ ಹೆದರಿಕೆ ಬೇರೆ. ನಮ್ಮ ಮಕ್ಕಳಲ್ಲಿ ಮನೆಯಲ್ಲಿ ತುಳು, ಕೊಂಕಣಿ, ಮರಾಠಿ, ಮಲಯಾಳ ಆಡುವವರೂ ಇದ್ದಾರೆ. ಅವರಿಗೆ ಕನ್ನಡ ಸಿಗುವುದು ಶಾಲೆಯಲ್ಲಿ. ಮದಕ, ತೋಡು, ಕಟ್ಟ, ಮುರಕಲ್ಲು ಎಂಬ ಮಾತುಗಳು ಕಣ್ಣಿಗೆ ಕಂಡು ಕೈಗೆ ಸಿಗದಿದ್ದರೆ ಕನ್ನಡ ಬರೇ ಪರೀಕ್ಷೆಯ ವಿಷಯವಾಗುತ್ತದೆ. ಪರೀಕ್ಷೆಯ ವಿಷಯವನ್ನು ಬಿಟ್ಟು ಬೇರೆ ಮಾಧ್ಯಮಕ್ಕೆ ಹೋಗುವುದು ಸುಲಭ. ಆಡಿ ಬೆಳೆದ ಭಾಷೆಯನ್ನು ಬಿಡುವುದು ಅಷ್ಟು ಸುಲಭವಲ್ಲ.

ಕೇಳುವ ಹಕ್ಕೂ ನಮಗಿದೆ. 1956ರ ಏಳನೆಯ ತಿದ್ದುಪಡಿಯಿಂದ ಸಂವಿಧಾನಕ್ಕೆ ಸೇರಿದ 350ಎ ವಿಧಿ ಪ್ರಾಥಮಿಕ ಹಂತದಲ್ಲಿ ಅಲ್ಪಸಂಖ್ಯಾತ ಮಕ್ಕಳ ಮಾತೃಭಾಷಾ ಶಿಕ್ಷಣದ ಮಾತಾಡುತ್ತದೆ. 350ನೆಯ ವಿಧಿಯಂತೆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲೂ ನಾವು ಸರಕಾರದ ಅಧಿಕಾರಿಗೆ ಅಹವಾಲು ಕೊಡಬಹುದು. ಆದುದರಿಂದ ನಮ್ಮ ಮಕ್ಕಳು ಹೋಗುವ ಸರಕಾರಿ ಮ್ಯೂಸಿಯಂನಲ್ಲಿ ಕನ್ನಡ ಫಲಕ ಇಲ್ಲದಿದ್ದರೆ ಕನ್ನಡದಲ್ಲೇ ಅರ್ಜಿ ಬರೆಯೋಣ. ಜೊತೆಗೆ ಎರಡು ಬೇಡಿಕೆ ಸೇರಿಸೋಣ: ಗಾಜಿನ ಪೆಟ್ಟಿಗೆಯ ಪಕ್ಕದಲ್ಲಿ ಆಡಲು ಇನ್ನೊಂದು ಚೆನ್ನೆಮಣೆ ಇಡಿ, ಅಂಗಳದಲ್ಲಿ ಲಗೋರಿಗೆ, ಕುಂಟೆಬಿಲ್ಲೆಗೆ ಒಂದಿಷ್ಟು ಜಾಗ ಬಿಡಿ.

ಅರ್ಜಿಗೆ ಉತ್ತರ ಬರುವ ತನಕ ಕಾಯಬೇಕಾಗಿಲ್ಲ. ನಮ್ಮ ಶಾಲೆಯ ಜಗಲಿಯಲ್ಲಿ ಒಂದು ಹಳೆಯ ಬೆಂಚು ಉಂಟು. ಬರುವ ಸೋಮವಾರ ಪ್ರತಿ ಮಗುವಿನ ಕೈಯಲ್ಲಿ ಒಂದು ಬೀಜ, ಒಂದು ಕಲ್ಲು ಅಥವಾ ಉದುರಿ ಬಿದ್ದ ಒಂದು ಗರಿ ಕಳಿಸಿ. ಅದರ ಹೆಸರನ್ನು ಅಜ್ಜ-ಅಜ್ಜಿಯರಲ್ಲಿ ಕೇಳಿ ಒಂದು ಚೀಟಿಯಲ್ಲಿ ಬರೆಸಿ, ಕನ್ನಡದಲ್ಲೂ ಮನೆಮಾತಿನಲ್ಲೂ. ಚೆನ್ನೆಮಣೆ ತರುತ್ತೇನೆಂದು ಆ ಹುಡುಗಿ ಆಗಲೇ ಹೇಳಿದ್ದಾಳೆ.

ಆ ಮ್ಯೂಸಿಯಂಗೆ ಬೀಗ ಹಾಕುವುದು ಬೇಡ.