ಹೆಡ್‌ಸೆಟ್, ಕಣ್ಣು ಮತ್ತು ಬಿಎಸ್ಸಿ ಸೀಟು

(ವಾರ್ಷಿಕ ವಿದ್ಯಾರ್ಥಿವೇತನ ವಿತರಣಾ ಸಭೆಯಲ್ಲಿ ಮಾಡಿದ ಭಾಷಣ)

 

ಮುಂದಿನ ಕಾಲದ ತಂತ್ರಜ್ಞಾನದ ಬಗ್ಗೆ ಮಾತನಾಡಿ ಎಂದು ಸಮಿತಿಯವರು ಹೇಳಿದ್ದಾರೆ. ಎಲ್ಲವನ್ನೂ ಹೇಳಹೊರಟರೆ ಝುಹರ್ ನಮಾಝಿನ ಹೊತ್ತಾಗಿಬಿಡುತ್ತದೆ. ಹಾಗಾಗಿ ಒಂದೇ ಒಂದು ಸಾಧನವನ್ನು ಆರಿಸಿಕೊಂಡಿದ್ದೇನೆ. ಕಣ್ಣಿಗೆ ಕಟ್ಟಿಕೊಂಡರೆ ಮೂರು ಆಯಾಮದ ಲೋಕವನ್ನು ತೋರಿಸುವ ವಿಆರ್ ಹೆಡ್‌ಸೆಟ್ ಅದು.

ಮೊದಲು ಒಂದು ಸಣ್ಣ ಪ್ರಯೋಗ. ತೋರುಬೆರಳನ್ನು ಮೂಗಿನಿಂದ ಒಂದು ಗೇಣು ದೂರದಲ್ಲಿ ಹಿಡಿದು, ಹಿಂದಿನ ಗೋಡೆಯನ್ನು ನೋಡಿ. ಬೆರಳು ಎರಡಾಗಿ, ಮಸುಕಾಗಿ ಕಾಣುತ್ತದೆ. ಈಗ ಬೆರಳನ್ನೇ ನೋಡಿ. ಅದು ಒಂದಾಯಿತು, ಸ್ಪಷ್ಟವೂ ಆಯಿತು. ಈ ಕ್ಷಣದಲ್ಲಿ ಕಣ್ಣು ಎರಡು ಕೆಲಸ ಮಾಡಿತು. ಎರಡೂ ಗುಡ್ಡೆಗಳು ಮೂಗಿನ ಕಡೆಗೆ ತಿರುಗಿದವು. ಒಳಗಿನ ಮಸೂರ ದಪ್ಪಗಾಗಿ ಹತ್ತಿರಕ್ಕೆ ಫೋಕಸ್ ಆಯಿತು. ಈ ಎರಡು ಕೆಲಸ ಜೋಡಿ ಎತ್ತಿನ ಹಾಗೆ ಒಟ್ಟಿಗೇ ನಡೆಯುತ್ತವೆ.

ಎರಡು ಕಣ್ಣುಗಳಿಂದ ಒಂದು ವಸ್ತು ಹೇಗೆ ಒಂದಾಗಿ ಕಾಣುತ್ತದೆ, ಯಾವಾಗ ಎರಡಾಗಿ ಕಾಣುತ್ತದೆ ಎಂಬುದನ್ನು ಸುಮಾರು ಸಾವಿರ ವರ್ಷಗಳ ಹಿಂದೆಯೇ ಪ್ರಯೋಗದಿಂದ ಪರೀಕ್ಷಿಸಿದವರು ಬಸ್ರಾದಲ್ಲಿ ಹುಟ್ಟಿ ಕೈರೋದಲ್ಲಿ ಬದುಕಿದ ಇಬ್ನುಲ್ ಹೈಸಮ್. ಮೂಗಿನ ಬುಡಕ್ಕೆ ಒಂದು ಹಲಗೆ ಇಟ್ಟು, ಅದರ ಮೇಲೆ ಮೇಣದ ಸಣ್ಣ ಕಂಬಗಳನ್ನು ನಿಲ್ಲಿಸಿ ನೋಡಿದ ವಿವರ ಅವರ 'ಕಿತಾಬುಲ್ ಮನಾಝಿರ್' ಗ್ರಂಥದಲ್ಲಿದೆ. ನಾವು ಅವರ ಹೆಸರನ್ನು ಅಭಿಮಾನದಿಂದ ಹೇಳುತ್ತೇವೆ. ಆದರೆ ಆ ಹಲಗೆಯ ವಿಚಾರ ನಮ್ಮ ಮಕ್ಕಳಿಗೆ ಹೇಳುವವರು ಕಡಿಮೆ.

ಹೆಡ್‌ಸೆಟ್ ಮಾಡುವುದೇನು? ಎರಡು ಕಣ್ಣಿಗೆ ಸ್ವಲ್ಪ ಬೇರೆ ಬೇರೆಯಾದ ಎರಡು ಚಿತ್ರ ತೋರಿಸುತ್ತದೆ. ಮಿದುಳು ಅವನ್ನು ಬೆಸೆದು ಆಳವನ್ನು ಕಾಣುತ್ತದೆ. 1838ರಲ್ಲಿ ಇಂಗ್ಲೆಂಡಿನ ಚಾರ್ಲ್ಸ್ ವ್ಹೀಟ್‌ಸ್ಟೋನ್ ಕನ್ನಡಿಗಳಿಂದ ಇದನ್ನು ತೋರಿಸಿಕೊಟ್ಟರು. 1968ರಲ್ಲಿ ಅಮೆರಿಕದ ಐವನ್ ಸದರ್ಲೆಂಡ್ ಕಂಪ್ಯೂಟರ್ ಚಿತ್ರಗಳನ್ನು ತಲೆಗೆ ಕಟ್ಟಿದರು. ಆ ಯಂತ್ರವನ್ನು ಛಾವಣಿಯಿಂದ ತೂಗುಹಾಕಬೇಕಾಗಿತ್ತು! ಇಂದಿನದು ಮುಖದ ಮೇಲೆ ಕೂರುತ್ತದೆ.

ತೊಂದರೆ ಇರುವುದು ಇಲ್ಲಿ. ಹೆಡ್‌ಸೆಟ್‌ನ ಪರದೆ ಲೆನ್ಸಿನ ಮೂಲಕ ಒಂದೇ ದೂರದಲ್ಲಿ, ಸಾಮಾನ್ಯವಾಗಿ ಒಂದೆರಡು ಮೀಟರಿನಲ್ಲಿ, ಇರುವಂತೆ ಕಾಣುತ್ತದೆ. ಚಿತ್ರದಲ್ಲಿ ಸೂಜಿ ಒಂದು ಗೇಣು ದೂರದಲ್ಲಿದ್ದರೆ ಗುಡ್ಡೆಗಳು ಗೇಣಿನ ಲೆಕ್ಕಕ್ಕೆ ತಿರುಗುತ್ತವೆ, ಮಸೂರ ಮಾತ್ರ ಮೀಟರಿನ ಲೆಕ್ಕದಲ್ಲೇ ನಿಲ್ಲಬೇಕು. ಜೋಡಿ ಎತ್ತುಗಳು ಆಚೆಗೊಂದು ಈಚೆಗೊಂದು ಎಳೆದ ಹಾಗೆ. ಕಣ್ಣು ಸೋಲುತ್ತದೆ, ತಲೆ ನೋಯುತ್ತದೆ. ದೂರದ ಬೆಟ್ಟ ನೋಡುವಾಗ ಇದು ಅಷ್ಟಾಗಿ ತೊಂದರೆ ಕೊಡದು. ಆದರೆ ಹೊಲಿಗೆ ಹಾಕಲು ಕಲಿಯುವ ಶಸ್ತ್ರವೈದ್ಯರಿಗೆ ಕೈಯಳತೆಯೊಳಗಿನದೇ ಎಲ್ಲ ಕೆಲಸ.

ಇದಕ್ಕೆ ಒಂದು ಪರಿಹಾರ ವೇಗ. ದೃಶ್ಯವನ್ನು ಹತ್ತಿರದಿಂದ ದೂರದವರೆಗೆ ಪದರ ಪದರವಾಗಿ ಕತ್ತರಿಸಿ, ಪ್ರತಿ ಪದರವನ್ನೂ ಅದರದೇ ದೂರದಲ್ಲಿ ಒಂದರ ಹಿಂದೊಂದು ಮಿಂಚಿಸುವುದು. ಸಾಕಷ್ಟು ವೇಗವಾದರೆ ಕಣ್ಣು ಎಲ್ಲವನ್ನೂ ಒಟ್ಟಿಗೆ ಕಾಣುತ್ತದೆ, ಬೇಕಾದ ಪದರಕ್ಕೆ ತಾನೇ ಫೋಕಸ್ ಮಾಡಿಕೊಳ್ಳುತ್ತದೆ. ಲೆಕ್ಕ ಹಾಕಿ: ಸೆಕೆಂಡಿಗೆ 60 ದೃಶ್ಯ, ಒಂದೊಂದಕ್ಕೆ 10 ಪದರ, ಪದರಕ್ಕೆ ಕೆಂಪು ಹಸಿರು ನೀಲಿ ಎಂದು 3 ಬಣ್ಣ. ಒಟ್ಟು 1,800 ಚಿತ್ರ. ಒಂದಕ್ಕೆ ಸಿಗುವುದು ಅರ್ಧ ಮಿಲಿಸೆಕೆಂಡಿಗಿಂತ ತುಸು ಹೆಚ್ಚು. ಟಿವಿಯಲ್ಲಿರುವ ಸಾಮಾನ್ಯ ದ್ರವ ಸ್ಫಟಿಕ ಬದಲಾಗಲು ಹಲವು ಮಿಲಿಸೆಕೆಂಡ್ ಬೇಕು. ಅದರಿಂದ ಆಗದ ಕೆಲಸ. ಫೆರೋಎಲೆಕ್ಟ್ರಿಕ್ ಎಂಬ ಜಾತಿಯ ದ್ರವ ಸ್ಫಟಿಕ ಮಾಡಬಲ್ಲದು. 1980ರಲ್ಲಿ ಕ್ಲಾರ್ಕ್ ಮತ್ತು ಲಾಗರ್ವಾಲ್ ಅದರ ವೇಗವನ್ನು ತೋರಿಸಿದರು. 1987ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಲ್ಯಾರಿ ಹಾರ್ನ್‌ಬೆಕ್ ರೂಪಿಸಿದ, ಇಂದು ಸಿನಿಮಾ ಪ್ರೊಜೆಕ್ಟರುಗಳಲ್ಲೂ ಇರುವ, ಲಕ್ಷಾಂತರ ಪುಟಾಣಿ ಕನ್ನಡಿಗಳ ಚಿಪ್ಪು ಕೂಡ ಮಾಡಬಲ್ಲದು.

ಹಾಗಾದರೆ ಅಂಗಡಿಯಲ್ಲಿ ಯಾಕೆ ಸಿಗುವುದಿಲ್ಲ? 2018ರಲ್ಲಿ ಬಂದ ಮ್ಯಾಜಿಕ್ ಲೀಪ್ ಕನ್ನಡಕದಲ್ಲಿ ಇದ್ದದ್ದು ಎರಡೇ ಪದರ. ಹತ್ತು ಪದರ ಮಾಡಿದರೆ ಪ್ರತಿಯೊಂದಕ್ಕೂ ಸಿಗುವ ಬೆಳಕಿನ ಹೊತ್ತು ಹತ್ತನೇ ಒಂದು ಪಾಲು, ಚಿತ್ರ ಮಂಕು. ಬೆಳಕು ಹೆಚ್ಚಿಸಿದರೆ ಬಿಸಿ, ಬ್ಯಾಟರಿ ಖಾಲಿ. ಈ ಗಂಟು ಇನ್ನೂ ಬಿಡಿಸಿಲ್ಲ.

ಪೋಷಕರೇ, ಇದನ್ನು ಬಿಡಿಸುವವರು ಯಾರು ಎಂದು ಯೋಚಿಸಿ. ಕೋಡ್ ಬರೆಯುವವರು ಬೇಕು, ನಿಜ. ಆದರೆ ವೇಗವಾಗಿ ತಿರುಗುವ ಅಣುವನ್ನು ತಯಾರಿಸುವುದು ರಸಾಯನಶಾಸ್ತ್ರ, ಬೆಳಕನ್ನು ಬಾಗಿಸುವುದು ಭೌತಶಾಸ್ತ್ರ. ಇದು ದೂರದ ಮಾತೂ ಅಲ್ಲ. ಮೈಸೂರು ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದ ಎಸ್. ಚಂದ್ರಶೇಖರ್ ಅವರು ಆಮೇಲೆ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ, ಸಂಗಡಿಗರೊಂದಿಗೆ 1977ರಲ್ಲಿ ಬಿಲ್ಲೆಯಾಕಾರದ ಅಣುಗಳ ಹೊಸ ದ್ರವ ಸ್ಫಟಿಕವನ್ನು ಕಂಡುಹಿಡಿದರು. ಎಲ್‌ಸಿಡಿ ಪರದೆಯನ್ನು ಬದಿಯಿಂದ ನೋಡಿದರೂ ಚೆನ್ನಾಗಿ ಕಾಣುವಂತೆ ಮಾಡಿದ ಹಾಳೆಗಳು ಅದೇ ಜಾತಿಯ ಅಣುಗಳಿಂದ ಬಂದವು. 1991ರಲ್ಲಿ ಅವರು ಬೆಂಗಳೂರಿನಲ್ಲಿ ಕಟ್ಟಿದ ದ್ರವ ಸ್ಫಟಿಕ ಕೇಂದ್ರ ಈಗ ನ್ಯಾನೊ ಮತ್ತು ಮೃದು ವಸ್ತು ವಿಜ್ಞಾನ ಕೇಂದ್ರವೆಂಬ ಹೆಸರಿನಲ್ಲಿ ನಡೆಯುತ್ತಿದೆ.

ಅಲ್ಲಿಗೆ ಹೋಗುವ ದಾರಿ ಬಿಎಸ್ಸಿ, ಎಂಎಸ್ಸಿ, ಪಿಎಚ್‌ಡಿ. ಉದ್ದ ದಾರಿ. ಬಡ ಮನೆಯ ಹುಡುಗಿಗೆ ಇನ್ನೂ ಉದ್ದ. ಇಂಜಿನಿಯರಿಂಗ್, ಮೆಡಿಕಲ್ ಎಂದರೆ ದಾನಿಗಳ ಕೈ ತಾನಾಗಿ ಮುಂದೆ ಬರುತ್ತದೆ. ಬಿಎಸ್ಸಿ ಎಂದರೆ 'ಮುಂದೇನಮ್ಮಾ?' ಎಂದು ಕೇಳುತ್ತೇವೆ. ನನ್ನ ಮಟ್ಟಿಗೆ ಇದು ಸರಿಯಲ್ಲ. ದಾನಿಗಳಲ್ಲಿ ನನ್ನ ವಿನಂತಿ ಇಷ್ಟೇ: ಬಿಎಸ್ಸಿ ಓದುವವರಿಗೆ ಮೂರು ವರ್ಷಕ್ಕೆ ನಿಲ್ಲಿಸದೆ ಎಂಎಸ್ಸಿ ಮುಗಿಯುವವರೆಗೆ ಕೈ ಹಿಡಿಯಿರಿ. ಐಐಟಿಗಳಲ್ಲಿ ಎಂಎಸ್ಸಿ ಸೇರಲು ಜಾಮ್ ಎಂಬ ಪ್ರವೇಶ ಪರೀಕ್ಷೆ ಇದೆ. ಅದರ ಶುಲ್ಕ, ಪುಸ್ತಕ, ಪರೀಕ್ಷಾ ಕೇಂದ್ರಕ್ಕೆ ಹೋಗಿಬರುವ ಬಸ್ಸಿನ ಖರ್ಚು ಇವು ಸಣ್ಣ ಮೊತ್ತಗಳು, ಆದರೆ ಎಷ್ಟೋ ಅರ್ಜಿಗಳು ಅಲ್ಲೇ ನಿಂತುಹೋಗುತ್ತವೆ.

ಇನ್ನೊಂದು ಮಾತು ತಾಯಂದಿರಿಗೆ. ಮಗುವಿಗೆ ಕಣ್ಣು ಓರೆಯಿದ್ದರೆ, ಒಂದು ಕಣ್ಣು ಮಂದವಾಗಿದ್ದರೆ, ದೊಡ್ಡದಾದ ಮೇಲೆ ಸರಿಹೋದೀತು ಎಂದು ಕಾಯಬೇಡಿ. ಎರಡು ಕಣ್ಣೂ ಕೂಡಿ ಆಳ ಕಾಣುವುದನ್ನು ಮಿದುಳು ಕಲಿಯುವುದು ಎಳೆಯ ವಯಸ್ಸಿನಲ್ಲೇ. ಬೇಗ ನೇತ್ರವೈದ್ಯರಿಗೆ ತೋರಿಸಿ.

ವಿಜ್ಞಾನ ಪದವಿಯ ಅರ್ಜಿ ನಮೂನೆಗಳು ಬಾಗಿಲ ಬಳಿಯ ಮೇಜಿನ ಮೇಲಿವೆ. ತುಂಬಲು ಗೊತ್ತಾಗದಿದ್ದರೆ ನಮಾಝ್ ಮುಗಿಸಿ ಬನ್ನಿ, ನಾನು ಅಲ್ಲೇ ಕೂತಿರುತ್ತೇನೆ, ಇನ್ಶಾ ಅಲ್ಲಾಹ್.